ಇಂಜಿನೇರಮ್ಮನ ತಪ್ಪು ಲೆಕ್ಕ

ನಮ್ಮ ಓಣಿಯ ಕೊನೆಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಮೊನ್ನೆ ಬೆಳಿಗ್ಗೆ ಹಾಲು ತರಲು ಆ ದಾರಿಯಲ್ಲಿ ಹೋದಾಗ, ಹೊಸ ಕಾಂಕ್ರೀಟಿನ ಮೇಲೆ ಹೊದಿಸಿದ ಒದ್ದೆ ಗೋಣಿಚೀಲದ ವಾಸನೆ ಬಂತು. ನಿಮಗೂ ಆ ವಾಸನೆ ಗೊತ್ತಿರಬೇಕು. ಸಿಮೆಂಟು, ಸೆಣಬು, ಬಿಸಿಲಿಗೆ ಆರುತ್ತಿರುವ ನೀರು, ಎಲ್ಲ ಸೇರಿ ಮಳೆ ನಿಂತ ಮೇಲಿನ ದನದ ಕೊಟ್ಟಿಗೆಯ ಹಾಗೆ ಇರುತ್ತದೆ. ಬೇರೆಯವರಾದರೆ ಮೂಗಿಗೆ ಸೆರಗು ಹಿಡಿದು ದಾಟಿಹೋಗುತ್ತಿದ್ದರು. ನಾನು ಹಾಲಿನ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಕಾವಲಿನವನು ಹೊರಗೆ ಬಂದು, "ಯಾರು ಬೇಕಾಗಿತ್ತಜ್ಜಿ?" ಎಂದ.

"ಯಾರೂ ಬೇಡಪ್ಪ. ಕ್ಯೂರಿಂಗ್ ಚೆನ್ನಾಗಿ ಮಾಡ್ತಿದ್ದೀಯ, ಹೀಗೇ ನೀರು ಹಾಕ್ತಿರು" ಎಂದೆ.

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿ, "ನೀವೇನು ಇಂಜಿನಿಯರಾ?" ಎಂದು ಹಲ್ಲು ಕಿರಿದ. ತಮಾಷೆಗೆ ಕೇಳಿದ್ದು. ನಾನೂ ತಮಾಷೆಗೇ ನಕ್ಕು ಮನೆಗೆ ಬಂದೆ. ಆದರೆ ಒಲೆಯ ಮೇಲೆ ಹಾಲಿಟ್ಟವಳು ಅದು ಉಕ್ಕಿ ಹರಿಯುವವರೆಗೂ ಹೊಸದುರ್ಗದಲ್ಲೇ ಇದ್ದೆ.

ಎಪ್ಪತ್ತರ ದಶಕದ ಮಾತು. ಆಗ ಇಂಜಿನಿಯರಿಂಗ್ ಓದಿದವರಿಗೆ ಈಗಿನ ಹಾಗೆ ಗತ್ತು ಇರಲಿಲ್ಲ. ನನಗಿಂತ ಎರಡು ವರ್ಷ ಮುಂದಿದ್ದವರು ಪದವಿ ಹಿಡಿದುಕೊಂಡು ಕೆಲಸವಿಲ್ಲದೆ ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಓದುತ್ತ ಕೂತಿರುತ್ತಿದ್ದರು. ಹೊಳಲ್ಕೆರೆಯ ನಮ್ಮ ಬೀದಿಯಲ್ಲಿ ಡಾಕ್ಟರ್ ಬಂದರೆ ಜನ ಕೈ ಮುಗಿಯುತ್ತಿದ್ದರು, ಅಮಲ್ದಾರರು ಬಂದರೆ ಎದ್ದು ನಿಲ್ಲುತ್ತಿದ್ದರು. ಇಂಜಿನಿಯರ್ ಬಂದರೆ ಕೂತಲ್ಲಿಂದಲೇ, "ನಮ್ ಚರಂಡಿ ಯಾವಾಗ ಸ್ವಾಮಿ?" ಎನ್ನುತ್ತಿದ್ದರು. ಅದರಲ್ಲೂ ಹುಡುಗಿ! ದಾವಣಗೆರೆಯಲ್ಲಿ ನಮ್ಮ ತರಗತಿಗೆ ನಾನೊಬ್ಬಳೇ ಹೆಣ್ಣು. ಮೇಷ್ಟರಾಗಿದ್ದ ನಮ್ಮ ತಂದೆ ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಂಡು ಬಂದರೆ, ಎದುರು ಮನೆಯ ಅಜ್ಜಿ ಮರುಗಿದ ದನಿಯಲ್ಲಿ, "ಹೋಗ್ಲಿ ಬಿಡ್ರಿ ಮೇಷ್ಟ್ರೇ, ಮುಂದಿನ್ ಸಲ ಡಾಕ್ಟರಿಕೆ ಸಿಕ್ಕೀತು" ಎಂದು ಸಮಾಧಾನ ಮಾಡಿತ್ತು. ನನ್ನನ್ನು ನೋಡಲು ಬಂದ ವರನ ಕಡೆಯವರೊಬ್ಬರು ಉಪ್ಪಿಟ್ಟು ತಿನ್ನುತ್ತ, "ಇಂಜಿನಿಯರ್ ಅಂದ್ರೆ ಮೋಟಾರು ರಿಪೇರಿನಾ, ಮನೆ ಕಟ್ಟಾದಾ?" ಎಂದು ಕೇಳಿದ್ದರು. ಎರಡೂ ಅಲ್ಲ ಎಂದು ನಾನು ಒಳಗಿನಿಂದಲೇ ವಿವರಿಸಲು ಹೊರಟದ್ದಕ್ಕೆ ಆ ಸಂಬಂಧ ಅಲ್ಲಿಗೇ ನಿಂತಿತು.

ಅಂತೂ ಕೆಲಸ ಸಿಕ್ಕಿತು. ಹೊಸದುರ್ಗದಲ್ಲಿ ಜೂನಿಯರ್ ಇಂಜಿನಿಯರ್. ಹಳ್ಳಿಗಳಿಗೆ ಕುಡಿಯುವ ನೀರಿನ ಕೊಳಾಯಿ ಹಾಕಿಸುವುದು ನನ್ನ ಪಾಲಿಗೆ ಬಂತು. ಬಾಡಿಗೆಗೆ ಹಿಡಿದ ಒಂಟಿ ಕೋಣೆಯ ಬಾಗಿಲಿಗೆ, ನಗಬೇಡಿ, ನೀಲಿ ಬಣ್ಣದ ಹಲಗೆ ಬರೆಸಿ ತೂಗುಹಾಕಿದೆ. ನನ್ನ ಹೆಸರು, ಕೆಳಗೆ 'ಬಿ.ಇ.', ಅದರ ಕೆಳಗೆ ದಪ್ಪಕ್ಷರದಲ್ಲಿ 'ಇಂಜಿನಿಯರ್'. ಹಲಗೆ ಹಾಕಿದ ಮೂರನೆಯ ದಿನ ಪಕ್ಕದ ಬೀದಿಯ ಹೆಂಗಸೊಬ್ಬರು ಸೀಮೆಎಣ್ಣೆ ಸ್ಟೌ ಎತ್ತಿಕೊಂಡು ಬಂದರು. "ಉರಿ ಹಳದಿ ಬರ್ತೈತೆ, ನೋಡ್ರಿ ಸ್ವಲ್ಪ." ನನಗೆ ಅವಮಾನವಾಯಿತು. ಆದರೂ ಪಿನ್ನು ಹಾಕಿ ಚುಚ್ಚಿ ಸರಿಮಾಡಿಕೊಟ್ಟೆ. ಆ ವಾರದಲ್ಲೇ ನಾಲ್ಕು ಸ್ಟೌ, ಒಂದು ಟಾರ್ಚು, ಗರಗರ ಎನ್ನುವ ಒಂದು ರೇಡಿಯೋ ಬಂದವು. ಹೊಸದುರ್ಗದಲ್ಲಿ ನನ್ನ ವಿದ್ಯೆಗೆ ಸಿಕ್ಕ ಮೊದಲ ಮನ್ನಣೆ ಅದು.

ಹಳ್ಳಿಗಳಲ್ಲಂತೂ ನಾನು ಯಾರು ಎಂಬುದು ದಿನಕ್ಕೊಂದು ಬಗೆ. ಶ್ರೀರಾಂಪುರದ ಬಸ್ಸಿಳಿದು ಕೊಡೆ ಬಿಚ್ಚಿದರೆ, "ನರ್ಸಮ್ಮ ಬಂದ್ರು, ಸೂಜಿ ಚುಚ್ತಾರೆ" ಎಂದು ಮಕ್ಕಳು ಓಡುತ್ತಿದ್ದವು. ಕೆಲವರಿಗೆ ನಾನು ಟೀಚರಮ್ಮ. ಕೆಲವರಿಗೆ, ಹಿಂದೆ ಬರುತ್ತಿರುವ ಯಾವುದೋ ಇಂಜಿನಿಯರನ ಹೆಂಡತಿ. "ಸಾಹೇಬ್ರು ಎಲ್ಲಿ ಅಮ್ಮ?" ಎಂದು ಕೇಳಿ ನನ್ನ ಹಿಂದಿನ ದಾರಿ ನೋಡುತ್ತ ನಿಲ್ಲುತ್ತಿದ್ದರು. ನನ್ನ ಜೊತೆ ಬರುತ್ತಿದ್ದ ಮೇಸ್ತ್ರಿ ಗೌಸ್ ಸಾಬರ ಬಿಳಿ ಗಡ್ಡ ಕಂಡೊಡನೆ ಅವರಿಗೇ ನಮಸ್ಕಾರ ಹಾಕಿಬಿಡುತ್ತಿದ್ದರು. ಗೌಸ್ ಸಾಬರು ಚಿತ್ರದುರ್ಗದ ಕೋಟೆ ಕೆಳಗಿನ ಬೀದಿಯವರು. ತಲೆತಲಾಂತರದಿಂದ ಕಲ್ಲಿನ ಕೆಲಸದ ಮನೆತನ. ಅವರು ನಮಸ್ಕಾರವನ್ನು ನನ್ನ ಕಡೆ ತಿರುಗಿಸುತ್ತ, "ಇಂಜಿನಿಯರ್ ಇವ್ರೇ ಕಣ್ರಪ್ಪ, ನಾನು ಬರೀ ಮೇಸ್ತ್ರಿ" ಎನ್ನುವರು. ಜನ ಅದನ್ನು ಸಾಬರ ವಿನಯ ಎಂದುಕೊಳ್ಳುವರು.

ಇದೆಲ್ಲ ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ಹಾಗಾಗಿ ಬೇಡದ ಒಂದು ಗತ್ತು ಕಲಿತೆ. ಯಾರು ಏನು ಕೇಳಿದರೂ ತಡವರಿಸದೆ ಉತ್ತರ ಹೇಳುವುದು, ಗೊತ್ತಿಲ್ಲ ಎಂಬ ಮಾತನ್ನು ಬಾಯಿಂದ ಹೊರಡಿಸದಿರುವುದು, ಹೇಳಿದ್ದನ್ನು ಬದಲಾಯಿಸದಿರುವುದು. ಇಂಜಿನಿಯರ್ ಎಂದರೆ ಹೀಗಿರಬೇಕು ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಶ್ರೀರಾಂಪುರದಿಂದ ಮೂರು ಮೈಲಿ ಒಳಗಿನ ಒಂದು ಊರಿಗೆ ನೀರು ಕೊಡುವ ಕೆಲಸ ಬಂತು. ಊರಿನಾಚೆ, ಅರ್ಧ ಮೈಲಿ ದೂರದಲ್ಲಿ, ಕುರಿ ಸಾಕುವವರ ಒಂದು ಹಟ್ಟಿ. ಮೂವತ್ತು ಗುಡಿಸಲು ಇದ್ದಾವು. ಹಟ್ಟಿಯ ಹೆಂಗಸರು ನೀರಿಗೆ ಹಳ್ಳದ ಬಾವಿಗೆ ಇಳಿದು, ಮತ್ತೆ ಅಷ್ಟೂ ದೂರ ಹೊತ್ತು ಹತ್ತಬೇಕಿತ್ತು. ನಮ್ಮ ಯೋಜನೆ ಸರಳವಾದದ್ದು. ಹಳ್ಳದ ಪಕ್ಕದ ಬಾವಿಯಿಂದ ಪಂಪು ನೀರನ್ನು ಗುಡ್ಡದ ಮೇಲಿನ ಕಲ್ಲಿನ ತೊಟ್ಟಿಗೆ ಏರಿಸುತ್ತದೆ. ಅಲ್ಲಿಂದ ನೀರು ತನ್ನಷ್ಟಕ್ಕೆ ತಾನೇ ಪೈಪಿನಲ್ಲಿ ಇಳಿದು ಮೊದಲು ಊರಿಗೆ, ಆಮೇಲೆ ಹಟ್ಟಿಗೆ ಹೋಗುತ್ತದೆ. ತೊಟ್ಟಿ ಎಲ್ಲಿರಬೇಕು ಎಂದು ಗುರುತಿಸಲು ನೆಲದ ಏರುತಗ್ಗು ಅಳೆಯಬೇಕು. ಅದಕ್ಕೆ ಮೂರು ಕಾಲಿನ ಮೇಲೆ ನಿಲ್ಲಿಸುವ ಲೆವೆಲ್ ಯಂತ್ರ. ಆಗಿನ ಯಂತ್ರಗಳ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಹಟ್ಟಿಯ ಒಬ್ಬ ಹುಡುಗಿ ಕಣ್ಣಿಟ್ಟು ನೋಡಿ, "ಅವ್ವೋ, ನಮ್ ಗುಡ್ಲೆಲ್ಲ ಆಕಾಸಕ್ಕೆ ನೇತಾಕ್ಕಂಡವೆ!" ಎಂದು ಕಿರುಚಿದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಸೀರೆ ಅವುಚಿಕೊಂಡು ಗುಡಿಸಲೊಳಗೆ ಸೇರಿಕೊಂಡರು. ಯಂತ್ರ ಕಟ್ಟಿ ಪೆಟ್ಟಿಗೆಯಲ್ಲಿ ಇಡುವವರೆಗೂ ಒಬ್ಬಳೂ ಹೊರಗೆ ಬರಲಿಲ್ಲ.

ಅಳತೆ ಮುಗಿಯಿತು. ಗುಡ್ಡದ ಕೆಳಭುಜದಲ್ಲಿ, ಒಳ್ಳೆಯ ಬಂಡೆಯ ನೆಲದ ಮೇಲೆ, ತೊಟ್ಟಿಯ ಜಾಗ ಗುರುತಾಯಿತು. ಚಿತ್ರದುರ್ಗದ ದೊಡ್ಡ ಸಾಹೇಬರು ನಕ್ಷೆಗೆ ಸಹಿ ಹಾಕಿದರು. ಗೌಸ್ ಸಾಬರು ಕಲ್ಲು ಕೆಲಸ ಶುರುಮಾಡಿದರು.

ಹಟ್ಟಿಯ ಹಿರಿಯ ಕರಿಯಣ್ಣ ಎಂಬವರು ದಿನವೂ ಸಂಜೆ ಕುರಿ ಹೊಡೆದುಕೊಂಡು ಆ ದಾರಿಯಲ್ಲೇ ಮನೆಗೆ ಹೋಗುತ್ತಿದ್ದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಮಾತು ಕಡಿಮೆ. ಗೋಡೆ ಮೊಣಕಾಲೆತ್ತರ ಬಂದಾಗ ಒಂದು ದಿನ ನಿಂತರು.

"ಟೀಚರಮ್ಮ, ಇಲ್ಲಿಂದ ನಮ್ ಹಟ್ಟಿಗೆ ನೀರು ಹತ್ತಾದಿಲ್ಲ."

"ಹತ್ತೋದಲ್ಲ ಯಜಮಾನರೆ, ಇಳಿಯುತ್ತೆ. ಹಟ್ಟಿ ಕೆಳಗಿದೆ" ಎಂದೆ.

"ಕೆಳಗೆಲ್ಲೈತೆ? ಕಣ್ಣಿಗೆ ಹಂಗೆ ಕಾಣ್ತೈತೆ ಅಷ್ಟೆಯ. ಇಲ್ಲಿಂದ ಹಟ್ಟಿ ಮುಟ್ಟಾದ್ರಾಗೆ ನನ್ ಮುದಿ ಕುರಿಗಳು ಏದುಸಿರು ಬಿಡ್ತಾವೆ. ಇಳಿಜಾರಾಗಿದ್ರೆ ಯಾಕಮ್ಮ ಏದುಸಿರು?"

ಕೂಲಿಯವರು ಕೆಲಸ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ನನಗೆ ಕಿವಿ ಬಿಸಿಯಾಯಿತು. "ನಾನು ಯಂತ್ರ ಇಟ್ಟು ಅಳೆದಿದ್ದೇನೆ. ಅದಕ್ಕಾಗಿ ಐದು ವರ್ಷ ಓದಿದ್ದೇನೆ. ನಿಮ್ಮ ಕುರಿಗೆ ವಯಸ್ಸಾಗಿದೆ, ಅದಕ್ಕೇ ಏದುಸಿರು" ಎಂದೆ. ಕೂಲಿಯವರು ಗೊಳ್ಳೆಂದು ನಕ್ಕರು. ಕರಿಯಣ್ಣ ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಹಂಗಾರೆ ಸರಿ ಬಿಡಮ್ಮ" ಎಂದು ಕುರಿ ಹೊಡೆದುಕೊಂಡು ಹೋದರು. ನಾನು ಗೆದ್ದೆ ಎಂದುಕೊಂಡೆ. ಅವರೇನೋ ಹೊರಟುಹೋದರು, ಆದರೆ ಆ ಕುರಿಗಳು, ಒಂದೊಂದೇ ಹೆಜ್ಜೆ ಇಡುತ್ತ, ತಲೆ ತಗ್ಗಿಸಿ, ನಿಜಕ್ಕೂ ಹತ್ತುವ ಹಾಗೆಯೇ ಹೋಗುತ್ತಿದ್ದವು.

ಆ ಭಾನುವಾರ ಸ್ನಾನ ಮುಗಿಸಿ ಕೂದಲು ಆರಿಸಿಕೊಳ್ಳುತ್ತ ಕೂತಿದ್ದಾಗ, ಅಳತೆಯ ಪುಸ್ತಕವನ್ನು ಸುಮ್ಮನೆ ತೆರೆದೆ. ಸುಮ್ಮನೆ ಎನ್ನುವುದು ಸುಳ್ಳು, ಮೂರು ದಿನದಿಂದ ಅದನ್ನು ತೆರೆಯದಿರಲು ನೆಪ ಹುಡುಕುತ್ತಿದ್ದೆ. ಆ ಪುಸ್ತಕದಲ್ಲಿ 'ಏರು' ಎಂದೊಂದು ಸಾಲು, 'ಇಳಿ' ಎಂದೊಂದು ಸಾಲು ಇರುತ್ತದೆ. ಒಂದು ಜಾಗದಿಂದ ಇನ್ನೊಂದಕ್ಕೆ ನೆಲ ಏರಿದ್ದರೆ ಅಂಕಿಯನ್ನು ಏರಿನ ಸಾಲಿಗೆ ಬರೆಯಬೇಕು, ಇಳಿದಿದ್ದರೆ ಇಳಿಯ ಸಾಲಿಗೆ. ಹಟ್ಟಿಯ ಹತ್ತಿರದ ಕೊನೆಯ ಪುಟ. ಅಲ್ಲೊಂದು ಅಂಕಿ, ಏರಿನ ಸಾಲಿನಲ್ಲಿ ಇರಬೇಕಾದದ್ದು, ನನ್ನದೇ ಮುದ್ದಾದ ಅಕ್ಷರದಲ್ಲಿ, ಇಳಿಯ ಸಾಲಿನಲ್ಲಿ ಕೂತಿತ್ತು. ಕೂಡಬೇಕಾದದ್ದನ್ನು ಕಳೆದಿದ್ದೆ. ಅಂದರೆ ಒಂದಾಳು ಎತ್ತರದ ಏರು ಇಳಿಯಾಗಿ, ತಪ್ಪು ದುಪ್ಪಟ್ಟಾಗಿ ಎರಡಾಳು ಎತ್ತರವಾಗಿತ್ತು. ಪುಟದ ಕೊನೆಗೆ ತಾಳೆ ನೋಡಬೇಕೆಂದು ಕಾಲೇಜಿನಲ್ಲಿ ನೂರು ಸಲ ಹೇಳಿದ್ದರು. ಅವತ್ತು ಕಡೆಯ ಬಸ್ಸು ಹೊರಡುವ ಹೊತ್ತಾಗಿತ್ತು. ನಾಳೆ ನೋಡಿದರಾಯಿತು ಎಂದು ಓಡಿ ಬಸ್ ಹಿಡಿದಿದ್ದೆ. ಆ ನಾಳೆ ಬಂದಿರಲೇ ಇಲ್ಲ.

ನಾಲ್ಕು ಸಲ ಲೆಕ್ಕ ಮಾಡಿದೆ. ನಾಲ್ಕು ಸಲವೂ ಕುರಿಗಳದ್ದೇ ಸರಿ ಬಂತು.

ಈಗ ನಿಮಗೆ ನಿಜ ಹೇಳುತ್ತೇನೆ. ನನಗೆ ಮೊದಲು ಹೊಳೆದದ್ದು ತಪ್ಪು ತಿದ್ದುವ ದಾರಿಯಲ್ಲ, ಅದನ್ನು ಮುಚ್ಚುವ ದಾರಿ. ಊರು ತೊಟ್ಟಿಗಿಂತ ಬಹಳ ಕೆಳಗಿತ್ತು, ಅಲ್ಲಿಗೆ ನೀರು ಬಂದೇ ಬರುತ್ತದೆ. ಹಟ್ಟಿಗೆ ಬಾರದಿದ್ದರೆ ಪೈಪಿನ ಮೇಲೆ ಹೇಳಬಹುದು, ಕರೆಂಟಿನ ಮೇಲೆ ಹೇಳಬಹುದು, ಊರಿನವರೇ ಎಲ್ಲ ನೀರು ಹಿಡಿದುಕೊಳ್ಳುತ್ತಾರೆ ಎನ್ನಬಹುದು. ಕೇಳುವವರು ಯಾರು? ಹಟ್ಟಿಯವರ ಮಾತಿಗೆ ನಾನೇ ಎಷ್ಟು ಬೆಲೆ ಕೊಟ್ಟಿದ್ದೆ? ಇನ್ನೊಂದು ಭಯ ಇದಕ್ಕಿಂತ ದೊಡ್ಡದಿತ್ತು. ಗಂಡಸು ತಪ್ಪು ಮಾಡಿದರೆ ಆ ಇಂಜಿನಿಯರ್ ತಪ್ಪು ಮಾಡಿದ ಎನ್ನುತ್ತಾರೆ. ನಾನು ಮಾಡಿದರೆ ಹೆಂಗಸರ ಕೈಗೆ ಕೊಟ್ಟರೆ ಹೀಗೇ ಎನ್ನುತ್ತಾರೆ. ನನ್ನ ಹಿಂದೆ ಬರುವ ಹುಡುಗಿಯರ ದಾರಿಗೂ ನಾನೇ ಕಲ್ಲು ಹಾಕಿದಂತಾಗುವುದಿಲ್ಲವೇ? ಈ ತರ್ಕ ನನಗೆ ಬಹಳ ಹಿಡಿಸಿತು. ಸುಳ್ಳು ಹೇಳುವುದು ಹೆಣ್ಣುಕುಲದ ಸೇವೆ ಎಂಬಲ್ಲಿಯವರೆಗೆ ಮುಟ್ಟಿದ್ದೆ. ಆಮೇಲೆ ಹಟ್ಟಿಯ ಹೆಂಗಸರು ಕೊಡ ಹೊತ್ತು ಹತ್ತುವ ದಾರಿ ಕಣ್ಣೆದುರಿಗೆ ಬಂತು. ಅವರೂ ಹೆಣ್ಣುಕುಲವೇ ಅಲ್ಲವೇ.

ಸೋಮವಾರ ಮೊದಲ ಬಸ್ಸಿಗೆ ಚಿತ್ರದುರ್ಗಕ್ಕೆ ಹೊರಟೆ. ಹೊಳಲ್ಕೆರೆಯಲ್ಲಿ ಬಸ್ಸು ನಿಂತಾಗ ಇಳಿದು ಮನೆಗೆ ಹೋಗಿ ತಂದೆಯ ಮುಂದೆ ಅತ್ತುಬಿಡಬೇಕು ಎನ್ನಿಸಿತು. ಇಳಿದರೆ ಮತ್ತೆ ಹತ್ತುವುದಿಲ್ಲ ಎಂದು ಗೊತ್ತಿದ್ದರಿಂದ ಸೀಟಿನ ಕಂಬಿ ಹಿಡಿದುಕೊಂಡು ಕೂತೆ.

ದೊಡ್ಡ ಸಾಹೇಬರು ಮಿತಭಾಷಿ. ಮೇಜಿನ ಮೇಲೆ ಹಳೆಯ ಪೇಪರ್ ಹರಡಿಕೊಂಡು ಹುರಿದ ಕಡಲೆಕಾಯಿ ಬಿಡಿಸುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ಪುಸ್ತಕದ ಪುಟ ತೋರಿಸಿದೆ. ಅವರು ಕನ್ನಡಕ ಏರಿಸಿ ಆ ಅಂಕಿಯನ್ನೇ ಬಹಳ ಹೊತ್ತು ನೋಡಿದರು.

"ಗೋಡೆ ಎಷ್ಟು ಎದ್ದಿದೆ?"

"ಸೊಂಟದ ಮಟ್ಟ ಸಾರ್."

"ಗಾರೆ ಇನ್ನೂ ಹಸಿ. ಕಲ್ಲು ಬಿಚ್ಚಬಹುದು. ನೀರು ತುಂಬಿ, ಹಾರ ಹಾಕಿಸಿಕೊಂಡ ಮೇಲೆ ಬಿಚ್ಚೋದು ಕಷ್ಟ." ಸ್ವಲ್ಪ ತಡೆದು ಅಂದರು: "ಇದಕ್ಕೆ ನನ್ನ ಸಹಿಯೂ ಇದೆ. ನಾನೂ ಪುಟ ತಿರುಗಿಸಿದೆನೇ ಹೊರತು ನೋಡಲಿಲ್ಲ. ನಾಳೆ ನಾನೇ ಬಂದು ಅಳೀತೀನಿ. ಆದರೆ ಆ ಹಟ್ಟಿಯವರಿಗೆ ನೀವೇ ಹೇಳಬೇಕು. ಅದನ್ನ ನಾನು ಹೇಳೋಕಾಗಲ್ಲ."

ತಲೆಯಾಡಿಸಿ ಹೊರಟವಳನ್ನು ಕರೆದು, ಬಿಡಿಸಿಟ್ಟಿದ್ದ ಕಡಲೆಕಾಯಿಯ ರಾಶಿಯನ್ನು ನನ್ನ ಕಡೆ ತಳ್ಳಿದರು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಂತ ಕಾಣುತ್ತೆ, ತಗೊಳ್ಳಿ." ಆಗ ಅಳು ಬಂತು. ಕಡಲೆಕಾಯಿ ತಿನ್ನುತ್ತ ಅಳುವುದು ಸುಲಭವಲ್ಲ, ಪ್ರಯತ್ನಿಸಿ ನೋಡಿ.

ಮರುದಿನ ಅವರು ಬಂದು ಅಳೆದರು. ತಪ್ಪು ತಪ್ಪೇ ಆಗಿತ್ತು. ಗುಡ್ಡದಲ್ಲಿ ಇನ್ನೂರು ಹೆಜ್ಜೆ ಮೇಲೆ ಹೊಸ ಜಾಗ ಗುರುತಿಸಿದರು. ಪಂಪಿಗೆ ಆ ಎತ್ತರ ಹೆಚ್ಚೇನಲ್ಲ. ಕಟ್ಟಿದ ಗೋಡೆ ಬಿಚ್ಚಬೇಕು ಎಂದು ಗೌಸ್ ಸಾಬರಿಗೆ ನಾನೇ ಹೇಳಿದೆ. ಅವರು ತಾವೇ ಕೆತ್ತಿ ಕೂಡಿಸಿದ ಕಲ್ಲಿನ ಮೇಲೆ ಕೈಯಾಡಿಸಿದರು.

"ಹೋಗ್ಲಿ ಅಮ್ಮಾರೆ, ಕಲ್ಲೇನು ಮುರ್ದು ಹೋಗಾದಿಲ್ಲ. ಹೊತ್ಕಂಡು ಮ್ಯಾಕೆ ಹೋಗಾಣ." ಆಮೇಲೆ ಮೆಲ್ಲಗೆ, "ನಂಗೂ ಸ್ವಲ್ಪ ಶಕ್ ಇತ್ತು" ಎಂದರು.

"ನಿಮಗೂ ಅನುಮಾನ ಇತ್ತಾ? ಮತ್ತೆ ಹೇಳಲಿಲ್ಲ ಯಾಕೆ?"

"ನೀವು ಇಂಜಿನಿಯರು. ಹೇಳಿದ್ರೆ ಕೇಳ್ತಿದ್ರಾ?"

ಯಾವ ಮರ್ಯಾದೆಗಾಗಿ ನಾನು ಹಲಗೆ ಬರೆಸಿದ್ದೆನೋ ಅದನ್ನು ಈ ಮನುಷ್ಯ ಮೊದಲ ದಿನದಿಂದಲೂ ಕೊಟ್ಟಿದ್ದರು. ಎಷ್ಟು ಕೊಟ್ಟಿದ್ದರೆಂದರೆ, ನಾನು ಹಳ್ಳಕ್ಕೆ ಬೀಳುವುದನ್ನು ನೋಡಿಯೂ ಕೈ ಹಿಡಿಯಲು ಅಂಜುವಷ್ಟು.

ಹಟ್ಟಿಗೆ ಒಬ್ಬಳೇ ನಡೆದುಕೊಂಡು ಹೋದೆ. ಏರುದಾರಿ ಎಂದು ಈಗ ನನ್ನ ಕಾಲಿಗೂ ಗೊತ್ತಾಯಿತು. ಕರಿಯಣ್ಣ ಗುಡಿಸಲ ಮುಂದೆ ಕೂತು ಕುರಿಮರಿಯ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದರು. "ನೀವು ಹೇಳಿದ್ದೇ ಸರಿ ಯಜಮಾನರೆ. ಅಲ್ಲಿಂದ ನೀರು ಬರ್ತಿರಲಿಲ್ಲ. ಮೇಲೆ ಕಟ್ಟಿಸ್ತೀವಿ" ಎಂದೆ.

ಅವರು ಮುಳ್ಳು ಕಿತ್ತು ಮರಿಯನ್ನು ಬಿಟ್ಟರು. "ಹಂಗಾರೆ ಮಿಷಿನ್ನು ಸುಳ್ಳು ಹೇಳ್ತಾ?"

"ಇಲ್ಲ. ಮಿಷಿನ್ನು ನಿಜಾನೇ ಹೇಳ್ತು. ಬರಕೊಂಡವಳು ನಾನು, ತಪ್ಪು ಬರಕೊಂಡೆ. ನಿಮ್ಮ ಕುರಿ ಬಗ್ಗೆ ಆಡಿದ ಮಾತಿಗೆ ಬೇಜಾರು ಮಾಡ್ಕೋಬೇಡಿ."

ಅವರು ನನ್ನ ಮುಖವನ್ನು ನೋಡಿದರು. ಆಮೇಲೆ ಭುಜ ಕುಲುಕಿಸಿಕೊಂಡು ನಗತೊಡಗಿದರು. "ಕುರಿಗೆ ವಯಸ್ಸಾಗಿರಾದಂತೂ ದಿಟ ಬಿಡಮ್ಮ" ಎಂದು, ಗುಡಿಸಲ ಕಡೆ ತಿರುಗಿ ಸೊಸೆಯನ್ನು ಕೂಗಿದರು. "ಲೇ ರಂಗಮ್ಮ, ಇಂಜಿನೇರಮ್ಮ ಬಂದವ್ರೆ, ಮಜ್ಜಿಗೆ ತಾ. ಕುಂತ್ಕಳ್ರಮ್ಮ, ಕುಂತ್ಕಳ್ರಿ."

ಆ ಸೀಮೆಯಲ್ಲಿ ಅದುವರೆಗೆ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಕಂಬಳಿಯ ಮೇಲೆ ಕೂತು ಮಜ್ಜಿಗೆ ಕುಡಿದೆ. ರಂಗಮ್ಮ ಬಾಗಿಲಿಗೆ ಒರಗಿ ನಿಂತು, "ಮ್ಯಾಲೆ ಕಟ್ಟಿದ್ರೆ ಬತ್ತೈತೆ ಅಲ್ವಾ ಅಮ್ಮ? ನಿಜವಾಗ್ಲೂ?" ಎಂದಳು. "ಬರುತ್ತೆ. ಈ ಸಲ ನಾನು, ಸಾಹೇಬ್ರು, ಗೌಸ್ ಸಾಬರು, ಮೂರು ಜನ ಲೆಕ್ಕ ನೋಡಿದ್ದೇವೆ" ಎಂದೆ.

ಎಲ್ಲವೂ ಇಷ್ಟು ಸಿಹಿಯಾಗಿರಲಿಲ್ಲ. ಹೊಸದುರ್ಗದ ಕಚೇರಿಯಲ್ಲಿ ಓವರ್‌ಸಿಯರ್ ಒಬ್ಬರು ಎಲ್ಲರಿಗೂ ಕೇಳುವಂತೆ, "ಸಾರು ಉಪ್ಪಾದ್ರೆ ನೀರು ಹಾಕಬಹುದು ಮೇಡಂ, ಲೆವೆಲ್ಲಿಗೆ ಏನು ಹಾಕ್ತೀರಿ?" ಎಂದರು. ನಾನು ಹೆದರಿದ್ದ ಮಾತು ಅದೇ. ವರ್ಷಗಟ್ಟಲೆ ನಿದ್ದೆಗೆಡಿಸುತ್ತದೆ ಎಂದುಕೊಂಡಿದ್ದ ಮಾತು, ಬಂದಾಗ ನೋಡಿದರೆ ಅಷ್ಟೇನೂ ಭಾರವಿರಲಿಲ್ಲ. "ತಾಳೆ ಹಾಕ್ತೀನಿ" ಎಂದೆ. ಅವರಿಗೇ ನಗು ಬಂತು.

ತೊಟ್ಟಿ ಮೇಲೆ ಎದ್ದಿತು. ಪೈಪು ಹೂತದ್ದಾಯಿತು. ನೀರು ಬಿಡುವ ದಿನ ಬೆಳಿಗ್ಗೆ ಹಟ್ಟಿಯ ಜನವೆಲ್ಲ ನಲ್ಲಿಯ ಸುತ್ತ ನಿಂತಿದ್ದರು, ಕುರಿಗಳ ಸಮೇತ. ಊರಿನ ನಲ್ಲಿಗಳಲ್ಲಿ ನೀರು ಬಂತು ಎಂದು ಸುದ್ದಿ ಬಂತು. ಇಲ್ಲಿ ತಿರುಗಿಸಿದರೆ ಏನೂ ಇಲ್ಲ. ನಾನು ಕರಿಯಣ್ಣನ ಕಡೆ ನೋಡಲಾರದೆ ನಲ್ಲಿಯನ್ನೇ ನೋಡುತ್ತಿದ್ದೆ. ಪೈಪಿನೊಳಗೆ ಯಾರೋ ಕೆಮ್ಮಿದ ಹಾಗಾಯಿತು. ಬುಸ್ಸೆಂದು ಗಾಳಿ ಬಂತು, ಕೆಸರು ಉಗುಳಿತು, ಮತ್ತೆ ನಿಂತಿತು. ಗೌಸ್ ಸಾಬರು, "ಠಹರೋ, ತಡೀರಿ, ಗಾಳಿ ಐತೆ, ಹೋಗ್ಲಿ" ಎಂದರು. ಆಮೇಲೆ ಒಂದು ಕೆಂಪು ಧಾರೆ, ನೋಡುನೋಡುತ್ತ ತಿಳಿಯಾಗಿ, ಕೈ ಒಡ್ಡಿದರೆ ನೋಯುವಷ್ಟು ಜೋರಾಗಿ ಬಂದುಬಿಟ್ಟಿತು. ರಂಗಮ್ಮ ಕೊಡ ಇಡುವುದನ್ನು ಮರೆತು ಧಾರೆಗೆ ಮುಖ ಹಿಡಿದಳು. ನಾನು ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ. ಎಷ್ಟೋ ತಿಂಗಳಿನಿಂದ ಹಿಡಿದಿಟ್ಟ ಉಸಿರು ಆಗ ಹೊರಗೆ ಬಂತು. ನೀರು ಬಂದದ್ದಕ್ಕೆ ಮಾತ್ರವಲ್ಲ. ಇನ್ನು ಮೇಲೆ ಎಲ್ಲವೂ ಗೊತ್ತಿರುವವಳ ಹಾಗೆ ಇರಬೇಕಾಗಿಲ್ಲ ಎನ್ನುವುದಕ್ಕೆ.

ಕೋಣೆಗೆ ಹೋಗಿ ಹಲಗೆ ತೆಗೆದೆನೇ ಎಂದು ಕೇಳುತ್ತೀರಿ. ಇಲ್ಲ, ತೆಗೆಯಲಿಲ್ಲ. ಸ್ಟೌಗಳೂ ಬರುತ್ತಲೇ ಇದ್ದವು. ಆದರೆ "ಗೊತ್ತಿಲ್ಲ, ನೋಡಿ ಹೇಳ್ತೀನಿ" ಎಂಬ ಮಾತು ಆಮೇಲಿನ ಮೂವತ್ತು ವರ್ಷದ ನೌಕರಿಯಲ್ಲಿ ಎಷ್ಟು ಸಲ ಆಡಿದೆನೋ. ಒಂದು ಸಲವೂ ಯಾರೂ ನನ್ನನ್ನು ಅದಕ್ಕಾಗಿ ಕೀಳಾಗಿ ನೋಡಲಿಲ್ಲ.

ಇದೆಲ್ಲ ನೆನಪಾದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ನಿನ್ನೆ ಯಾರಿಗೂ ಹೇಳದೆ ಬಸ್ ಹತ್ತಿ ಶ್ರೀರಾಂಪುರಕ್ಕೆ ಹೋದೆ, ಅಲ್ಲಿಂದ ಆಟೋ ಹಿಡಿದೆ. ಹಟ್ಟಿಯಲ್ಲಿ ಈಗ ಗುಡಿಸಲಿಲ್ಲ, ಎಲ್ಲ ಸಿಮೆಂಟು ಮನೆಗಳು. ಮೋಟಾರ್ ಬೈಕುಗಳು ನಿಂತಿದ್ದವು. ಕರಿಯಣ್ಣನನ್ನು ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಕೇಳಬೇಕೆಂದು ಹೋದವಳು ಕೇಳಲಿಲ್ಲ. ನಲ್ಲಿಯ ಹತ್ತಿರ ಮಧ್ಯವಯಸ್ಸಿನ ಹೆಂಗಸೊಬ್ಬಳು ಪಾತ್ರೆ ತೊಳೆಯುತ್ತಿದ್ದಳು. ನನ್ನನ್ನು ನೋಡಿ, "ಯಾರ ಮನೀಗೆ ಬಂದೀರಮ್ಮ?" ಎಂದಳು.

"ಯಾರ ಮನೆಗೂ ಇಲ್ಲಮ್ಮ, ಹೀಗೇ ಈ ಕಡೆ ಬಂದಿದ್ದೆ."

"ಬಿಸಿಲಾಗೆ ಬಂದೀರಿ, ನೀರು ಕುಡೀರಿ" ಎಂದು ತೊಳೆದ ಚೊಂಬು ತುಂಬಿಸಿ ಕೊಟ್ಟಳು. ಕುಡಿದೆ. ತಡೆಯಲಾರದೆ, "ಈ ನಲ್ಲಿ ಹಾಕಿ ಎಷ್ಟು ವರ್ಷ ಆಯ್ತಮ್ಮ?" ಎಂದೆ.

ಅವಳು ನಲ್ಲಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು. ಎಂಥ ಪ್ರಶ್ನೆ ಕೇಳುತ್ತಾಳೆ ಈ ಮುದುಕಿ ಎಂಬಂತೆ.

"ಇದಾ? ಇದು ಮೊದ್ಲಿಂದ್ಲೂ ಐತಲ್ಲಮ್ಮ."

ನಾನು ಚೊಂಬು ವಾಪಸು ಕೊಟ್ಟೆ. ಹೇಳಬಹುದಿತ್ತು, ನಾಲಿಗೆಯ ತುದಿಯವರೆಗೆ ಬಂದಿತ್ತು. ಹೇಳಬೇಕೆನ್ನಿಸಲಿಲ್ಲ. ಬರುವಾಗ ಆಟೋ ಬೇಡವೆಂದು, ಇಳಿಜಾರಿನಲ್ಲಿ ಕೈಬೀಸಿಕೊಂಡು ನಡೆದೇ ಬಂದೆ.